ವೈಫೈ ಡಬ್ಬಿಯ ಕಳ್ಳಬಾಗಿಲು

೨೦೨೧ರ ಜುಲೈ ೯ರಂದು ನಡೆದದ್ದನ್ನು ಆಮೇಲೆ ನನ್ನ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಹಜಾರದ ಟಿವಿ ವೈಫೈ ಡಬ್ಬಿಯನ್ನು ಗದರಿಸಿತು: “ನಿನ್ನೊಳಗೆ ಸರ್ಕಾರ ಕಳ್ಳಬಾಗಿಲು ಇಟ್ಟಿದೆ. ಮನೆಯ ಮಾತೆಲ್ಲ ಅಲ್ಲಿಗೆ ಹೋಗುತ್ತಿದೆ.”

“ಕಂಡವರು ಯಾರು? ನನ್ನನ್ನು ಬಿಚ್ಚಿ ತೋರಿಸು.”

ಆಗಲೇ ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿತು.

“ಕೇಳಿದಿರಾ? ಹಲ್ಲಿಯೇ ಹೂಂ ಅಂದ ಮೇಲೆ ಬಿಚ್ಚಿ ನೋಡುವುದೇನು!” ಎಂದಿತು ಟಿವಿ, ಡಬ್ಬಿಗೆ ಕರೆಂಟು ಕೊಡುವ ಸ್ವಿಚ್ಚಿನ ಕಡೆ ತಿರುಗಿ.

“ಅಯ್ಯೋ, ಸೊಳ್ಳೆ ತಪ್ಪಿಸಿಕೊಂಡ ಸಿಟ್ಟಿಗೆ ಲೊಚಗುಟ್ಟಿದೆನಪ್ಪ,” ಎಂದಿತು ಹಲ್ಲಿ. ಯಾರೂ ಕಿವಿಗೊಡಲಿಲ್ಲ.

ಡಬ್ಬಿ ಕೆರಳಿತು: “ಸಂಜೆ ಡಾಕ್ಟರು ವಿಡಿಯೊ ಕರೆಯಲ್ಲಿ ನನ್ನ ಮೂಲಕವೇ ಅಜ್ಜಿಯ ಕಾಲಿನ ಹುಣ್ಣು ನೋಡಬೇಕು. ಹಲ್ಲಿಯ ಸದ್ದು ನಂಬಿ ನನ್ನ ಬಾಯಿ ಮುಚ್ಚಿಸುತ್ತೀರಾ, ಮೂಢರೇ?”

ಟಿವಿಯ ಮಾತು ನಂಬಿದ ಸ್ವಿಚ್ಚು ಪಟ್ಟನೆ ತಾನೇ ಆಫ್ ಆಯಿತು; ಡಬ್ಬಿಯ ದೀಪ ಆರಿತು. ಇಂಟರ್ನೆಟ್ ಲೈನೇ ಕೆಟ್ಟಿದೆಯೆಂದುಕೊಂಡು ನಾವು ಸುಮ್ಮನಿದ್ದೆವು. ಡಾಕ್ಟರಿಗೆ ಹುಣ್ಣು ನೋಡಲಾಗಲಿಲ್ಲ. ಹುಣ್ಣು ಕೊಳೆತಿದ್ದರಿಂದ ಮುಂದಿನ ವಾರ ಆಸ್ಪತ್ರೆಯಲ್ಲಿ ಅಜ್ಜಿಯ, ಅಂದರೆ ನಮ್ಮತ್ತೆಯ, ಬಲಗಾಲಿನ ಹೆಬ್ಬೆರಳನ್ನು ತೆಗೆದರು.