ತಳಕ್ಕೆ ಬೇಡವಾದ ಕಲ್ಲು

ಬಿಸಿನೀರಿನ ಬುಗ್ಗೆಗೆ ಕೊಳ ಕಟ್ಟಿಸಲು ಹೊರಟ ಆಮೆಗೆ ಏನಾಯಿತು, ಹೇಳಿ ನೋಡೋಣ? ಯಾರೂ ಏನೂ ಕೊಡಲಿಲ್ಲ ಎನ್ನುತ್ತೀರಾ? ತಪ್ಪು! ಎಲ್ಲರೂ ಕೊಟ್ಟರು, ತೊಂದರೆಯಾದದ್ದೇ ಅಲ್ಲಿ.

ಬುಗ್ಗೆಯ ನೀರು ಮರಳಿನಲ್ಲಿ ಇಂಗಿಹೋಗುತ್ತಿತ್ತು. ಅದು ನಿಂತರೆ ಮುದಿ ಕತ್ತೆಯಂಥ ಮಂಡಿನೋವಿನವರೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆದಾರು ಎಂದು ಆಮೆ ಮನೆಮನೆಗೆ ಹೋಗಿ, "ಒಳ್ಳೆಯ ಕೆಲಸಕ್ಕೆ ಒಂದೊಂದು ಕಲ್ಲು ಹಾಕಿ" ಎಂದು ಬೇಡಿತು. ಕಲ್ಲು ಹಾಕುವುದೆಂದರೆ ಕೆಲಸ ಕೆಡಿಸುವುದೂ ಹೌದೆಂಬುದು ಪಾಪ ಅದಕ್ಕೆ ಹೊಳೆಯಲಿಲ್ಲ.

ನವಿಲು, ಹುಂಜ, ಕೋತಿ ತಮ್ಮ ತಮ್ಮ ಹೆಸರು ಕೆತ್ತಿಸಿದ ಚಪ್ಪಡಿಗಳನ್ನು ತಂದವು. ತಳಕ್ಕೆ ಹಾಸಲು ಮಾತ್ರ ಒಂದೂ ಒಪ್ಪಲಿಲ್ಲ.

"ನನ್ನ ಹೆಸರು ನೀರಿನಲ್ಲಿ ಮುಳುಗಬೇಕೇ? ದಂಡೆಗೆ ಹಾಕಯ್ಯ!" ಎಂದಿತು ಹುಂಜ.

ದಂಡೆ ಭರ್ಜರಿಯಾಗಿ ಎದ್ದಿತು. ತಳವಿಲ್ಲದೆ ನೀರು ನಿಲ್ಲಲಿಲ್ಲ.

ಆಗ ಕತ್ತೆ ಕುಂಟುತ್ತ ಬಂದು ಕಲ್ಲು ಕೊಟ್ಟವರಿಗೆ ಹೇಳಿತು: "ದಂಡೆಯ ಮೇಲೆ ಕಾಗೆ ಕೂರುತ್ತದೆ ಸ್ವಾಮಿ, ಕೂತು ಏನು ಮಾಡುತ್ತದೆಂದು ನಾನು ಹೇಳಬೇಕೇ? ಕೊಳಕ್ಕಿಳಿದ ನಾವಾದರೋ ಜಾರುವ ಭಯಕ್ಕೆ ತಲೆ ಬಗ್ಗಿಸಿ ತಳವನ್ನೇ ನೋಡುತ್ತೇವೆ. ಹೆಜ್ಜೆಹೆಜ್ಜೆಗೂ ನಿಮ್ಮ ಹೆಸರೇ ಓದುತ್ತೇವೆ."

ಸಂಜೆಯೊಳಗೆ ಚಪ್ಪಡಿಗಳೆಲ್ಲ ತಳ ಸೇರಿದವು. ದಂಡೆಗೆ ಮಣ್ಣೇ ಸಾಕಾಯಿತು. ಕತ್ತೆ ಬೆಚ್ಚನೆಯ ನೀರಿಗಿಳಿದು, ತಲೆ ಬಗ್ಗಿಸಿ, "ಆಹಾ, ಹುಂಜರಾಯರು!" ಎಂದಿತು. ನಿಂತದ್ದು ಕೋತಿಯ ಕಲ್ಲಿನ ಮೇಲೆ! ಕತ್ತೆಗೆ ಓದು ಎಲ್ಲಿಂದ ಬರಬೇಕು? ಇದೆಲ್ಲ ನಡೆದದ್ದು, ನೋಡಿ, ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ವಿಜಯದಶಮಿಯ ದಿನ, ಶುಕ್ರವಾರ.