ಪಾತಲಿಂಗ ಬರೆದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಮದುವೆಯ ಮಾತು ಅತ್ತ ಇರಲಿ. ಚಿತ್ತಮ್ಮ ಮನೆ ಕಟ್ಟಿದ್ದನ್ನು ಕೇಳಿ, ಕೇಳಿ ಆದಮೇಲೆ ನಿಮ್ಮ ಮಕ್ಕಳನ್ನು ಬಯ್ಯುವುದೋ ಮುದ್ದಿಸುವುದೋ ನೀವೇ ನೋಡಿಕೊಳ್ಳಿ.

ಶಿರಾದಲ್ಲಿ ಈ ಚಿತ್ತಮ್ಮ ಮೂವತ್ತು ವರ್ಷ ಮನೆ ನಕ್ಷೆ ಬರೆದವಳು. ಮೊದಲು ಟ್ರೇಸಿಂಗ್ ಕಾಗದದ ಮೇಲೆ ಮಸಿಯಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಈಗಿನ ಸಾಫ್ಟ್‌ವೇರು ಗೊತ್ತಲ್ಲ, ಗೋಡೆ ಎಬ್ಬಿಸಿ, ಕಂಬ ನಿಲ್ಲಿಸಿ, ಸೂರು ಹೊದಿಸಿ ಇಡೀ ಮನೆಯನ್ನೇ ಪರದೆಯ ಮೇಲೆ ಕಟ್ಟಿ ತೋರಿಸುತ್ತದೆ. ಅದರ ಒಳಗುಟ್ಟು, ಅಡ್ಡದಾರಿ ಎಲ್ಲ ಚಿತ್ತಮ್ಮನಿಗೆ ಅಂಗೈ ನೆಲ್ಲಿಕಾಯಿ. ಆದರೆ ಊರಿಗೆಲ್ಲ ಮನೆ ಬರೆದುಕೊಟ್ಟವಳು ಇದ್ದದ್ದು ಬಾಡಿಗೆ ಮನೆಯಲ್ಲಿ. ಅರವತ್ತಕ್ಕೆ ಕಾಲಿಟ್ಟಾಗ ಒಂದು ಸೈಟಾಯಿತು, ಮೂವತ್ತು ನಲವತ್ತರದು. ಸಾಯುವ ಮುಂಚೆ ಸ್ವಂತ ಹೊಸಿಲು ದಾಟಬೇಕು ಅನ್ನುವುದೊಂದೇ ಅವಳ ಆಸೆ. ಅಷ್ಟರಲ್ಲಿ ಕೈ ನಡುಗಲು ಶುರುವಾಯಿತು. ಮೌಸು ಹಿಡಿದರೆ ಗೋಡೆ ಹಾವಿನ ಹಾಗೆ ಹರಿಯುತ್ತಿತ್ತು.

ಇನ್ನು ಯಾರು ಬರೆಯಬೇಕು? ಮಗ ಇದ್ದನಲ್ಲ, ಪಾತಲಿಂಗ! ಆರಡಿ ಎರಡಂಗುಲ ಆಳು. ಬೆರಳು ಚುರುಕು, ಕಣ್ಣು ಚುರುಕು. ಬುದ್ಧಿ ಹಂಚುವ ದಿನ ಮಾತ್ರ ಅವನು ಎಲ್ಲಿಗೋ ಹೋಗಿದ್ದ. ಅವ್ವ ಹೇಳಿದ್ದನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ಅದೇ ತೊಂದರೆ.

ಕಟ್ಟುವವನು ಬುಡೇನ್ ಮೇಸ್ತ್ರಿ. ಹಿಂದೆ ಒಮ್ಮೆ ಅವನು ಸ್ವಂತ ಬುದ್ಧಿ ಓಡಿಸಿ ಯಾರದೋ ಮನೆಯ ಕಿಟಕಿಯನ್ನು ಎರಡಡಿ ಆಚೆಗಿಟ್ಟಿದ್ದಕ್ಕೆ ಚಿತ್ತಮ್ಮ ನಾಲ್ಕು ಜನರ ಮುಂದೆ ನೀರಿಳಿಸಿದ್ದಳು. "ಗೆರೆ ಇದ್ರೆ ಗೋಡೆ, ಗೆರೆ ಇಲ್ದಿದ್ರೆ ಬಯಲು! ನಿನ್ನ ತಲೆ ನಿನ್ನ ಪೇಟಕ್ಕೆ ಇಟ್ಕೋ!" ಅಂದಿದ್ದಳು. ಬುಡೇನ್ ಅಂದಿನಿಂದ ತಲೆ ಓಡಿಸಿದವನಲ್ಲ. ಬರೆಯುವವನು ಪಾತಲಿಂಗ, ಕಟ್ಟುವವನು ಬುಡೇನ್. ದೇವರೇ ಕಾಪಾಡಬೇಕು.

ಮೊದಲ ದಿನವೇ ಕಂಪ್ಯೂಟರು ತಿಣುಕತೊಡಗಿತು. ಒಂದು ಬಾಗಿಲು ಸರಿಸಿದರೆ ಎಲೆಅಡಿಕೆ ಹಾಕಿಕೊಂಡು ಬರುವಷ್ಟು ಹೊತ್ತು.

"ಅಮ್ಮಾ, ಅಲ್ಲಾಡ್ತಾನೇ ಇಲ್ಲ!"

"ಭಾರ ಜಾಸ್ತಿ ಆಗೈತೆ ಕಣ್ಲಾ. ಉಪಯೋಗಕ್ಕೆ ಬರ್ದೇ ಇರೋದನ್ನೆಲ್ಲ ಹುಡುಕಿ ಅಳಿಸ್ಹಾಕು. ಹಗುರಾಗ್ತದೆ."

"ಆಯ್ತಮ್ಮಾ!"

ಅಳಿಸಿದ. ಹಗುರಾಯಿತು. ಮುದ್ರಿಸಿ ಸೀದಾ ಬುಡೇನ್ ಕೈಗೆ ಕೊಟ್ಟ. ಗುದ್ದಲಿ ಪೂಜೆಯ ದಿನ ನೆಂಟರೆಲ್ಲ ಸುತ್ತ ನಿಂತಿರುವಾಗ ಬುಡೇನ್ ನಕ್ಷೆ ಹರಡಿದ. ಚಿತ್ತಮ್ಮ ನೋಡಿದಳು. ಕೈಯಲ್ಲಿದ್ದ ತೆಂಗಿನಕಾಯಿ ಜಾರಿ ಕಾಲಮೇಲೆ ಬಿತ್ತು.

"ಲೋ! ಕಿಟಕಿ ಎಲ್ಲೋ?"

"ಅಳಿಸ್ದೆ ಕಣಮ್ಮ."

"ಎಂಟು ಕಿಟಕಿನೂ?"

"ಬಾಡಿಗೆ ಮನೇಲಿ ಧೂಳು ಅಂತ ಒಂದಿನ ಆದ್ರೂ ಕಿಟಕಿ ತೆಗ್ದಿದೀವಾ? ಉಪಯೋಗಕ್ಕೆ ಬರಲ್ಲ. ನೆಂಟರ ರೂಮೂ ಅಳಿಸ್ದೆ. ನೆಂಟರು ಬಂದ್ರೆ ಯಾವಾಗ ಹೋಗ್ತಾರೋ ಅಂತಿದ್ಯಲ್ಲ ನೀನು!"

ನೆಂಟರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚಿತ್ತಮ್ಮ ಹಣೆ ಚಚ್ಚಿಕೊಂಡಳು.

"ಅಯ್ಯಯ್ಯೋ, ಇದು ಮನೆನೇನ್ಲಾ, ರಾಗಿ ಕಣಜನಾ! ಅಳಿಸ್ಬಾರ್ದು ಕಣೋ ಮಂಕೇ! ಅಡ್ಡ ಬಂದದ್ದನ್ನ ಮರೆ ಮಾಡ್ಬೇಕು. ಮರೆಯಾದ್ರೂ ಒಳಗೆ ಇರ್ತದೆ, ಬೇಕಾದಾಗ ತೋರಿಸ್ಬೋದು."

"ಅಷ್ಟೇ ತಾನೇ? ಇನ್ಮೇಲೆ ಮರೆ ಮಾಡ್ತೀನಿ."

ಕಿಟಕಿ ಬಂತು, ನೆಂಟರ ರೂಮೂ ಬಂತು. ಪಾತಲಿಂಗ ನಡುಮನೆಯಲ್ಲಿ ಅವ್ವನಿಗೆಂದು ಒಂದು ಸೋಫಾ ಇಟ್ಟು ನೋಡಿದ. ಕಂಬ ಅಡ್ಡ ಬಂತು. ಅಡ್ಡ ಬಂದದ್ದನ್ನು ಏನು ಮಾಡಬೇಕು? ಮರೆ ಮಾಡಿದ. ಇನ್ನೊಂದು ಕಂಬ ಅಡ್ಡ ಬಂತು, ಅದನ್ನೂ ಮರೆ ಮಾಡಿದ. ಒಂಬತ್ತು ಕಂಬವೂ ಮರೆ. ಸೋಫಾ ಚೆಂದಾಗಿ ಕೂತಿತು. ಮುದ್ರಿಸಿ ಬುಡೇನ್ ಕೈಗೆ ಕೊಟ್ಟ.

ಮೂರನೇ ದಿನ ಚಿತ್ತಮ್ಮ ಮಗನ ಕೈಲಿ ಕೆಲಸದವರಿಗೆ ಮಜ್ಜಿಗೆ ಹೊರಿಸಿಕೊಂಡು ಸೈಟಿಗೆ ಹೋದಳು. ಪಾಯ ಅಗೆದಿತ್ತು. ಕಂಬದ ಗುಂಡಿ ಒಂದೂ ಇರಲಿಲ್ಲ.

"ಬುಡೇನ್! ಕಂಬ ಎಲ್ಲಯ್ಯಾ?"

"ಕಾಗದದಲ್ಲಿ ಗೆರೆ ಇಲ್ಲ ಅಕ್ಕಾ. ಗೆರೆ ಇಲ್ದಿದ್ರೆ ಬಯಲು. ನೀವೇ ಅಂದಿದ್ದು."

"ಲೋ ಪಾತಲಿಂಗ! ಕಂಬ ಎಲ್ಲೋ?"

"ಮರೆಯಲ್ಲಿದಾವೆ ಕಣಮ್ಮ. ಒಳಗೆ ಇರ್ತಾವೆ, ಬೇಕಾದಾಗ ತೋರಿಸ್ತೀನಿ."

"ಆರ್‌ಸಿಸಿ ಸೂರನ್ನ ಯಾರ್ಲಾ ಹೊರ್ತಾರೆ? ನಿಮ್ಮಪ್ಪ ಮೇಲಿಂದ ಇಳಿದು ಬಂದು ಹೊರ್ತಾನಾ?"

ಪಾತಲಿಂಗ ಮೇಲೆ ನೋಡಿದ. ಅಪ್ಪ ಕಾಣಲಿಲ್ಲ. ಚಿತ್ತಮ್ಮ ಅಗೆದ ಮಣ್ಣಿನ ಗುಡ್ಡೆಯ ಮೇಲೆಯೇ ಕುಸಿದು ಕೂತಳು. ಅದೇ ಸೂರು ತನ್ನ ತಲೆಯ ಮೇಲೆ ಬಿದ್ದ ಹಾಗಾಗಿತ್ತು ಪಾಪ. ಒಂಬತ್ತು ಗುಂಡಿ ಹೊಸದಾಗಿ ತೋಡಿಸಿದಳು.

"ಕೇಳಿಲ್ಲಿ. ಇರೋದನ್ನ ಕೆಡಿಸ್ಬ್ಯಾಡ. ಯಾವುದನ್ನಾದ್ರೂ ಮುಟ್ಟೋಕ್ ಮುಂಚೆ ಅದರದ್ದೊಂದು ನಕಲು ಮಾಡಿ ಪಕ್ಕದಲ್ಲಿ ಇಟ್ಕೋ. ಒಂದು ಕೆಟ್ರೆ ಇನ್ನೊಂದು ಇರ್ತದೆ."

"ಇದು ಒಳ್ಳೇ ಮಾತು ಕಣಮ್ಮ!"

ಒಳ್ಳೇ ಮಾತೇ. ಯಾರು ಇಲ್ಲ ಅಂದರು? ಚಿತ್ತಮ್ಮ ಹೇಳಿದ್ದು ಕಂಪ್ಯೂಟರಿನ ಕಡತದ ನಕಲು. ಕಡತ ಅನ್ನುವ ಮಾತು ಅವಳ ಬಾಯಿಂದ ಬರಲಿಲ್ಲ, ಅಷ್ಟೇ.

ಬಚ್ಚಲನ್ನು ಒಂದಡಿ ಹಿಂದಕ್ಕೆ ಸರಿಸು ಅಂದಳು. ಮುಟ್ಟುವ ಮುಂಚೆ ಒಂದು ಬಚ್ಚಲು ನಕಲು ಮಾಡಿ ಪಕ್ಕದಲ್ಲಿಟ್ಟ. ಬೇಡ, ಅರ್ಧ ಅಡಿ ಸಾಕು ಅಂದಳು. ಇನ್ನೊಂದು ನಕಲು. ಬಚ್ಚಲ ಬಾಗಿಲು ಉತ್ತರಕ್ಕಿರಲಿ ಅಂದಳು. ಮತ್ತೊಂದು. ಅಡಿಗೆಮನೆ ಕಟ್ಟೆ ತಗ್ಗಿಸು ಅಂದಳು. ಅಡಿಗೆಮನೆಗೂ ಒಂದು ಜೊತೆಯಾಯಿತು. ಮುದ್ರಿಸಿ ಬುಡೇನ್ ಕೈಗೆ ಕೊಟ್ಟ.

ಗೋಡೆ ಸೊಂಟದೆತ್ತರ ಬಂದಾಗ ಚಿತ್ತಮ್ಮ ಹೋಗಿ ನೋಡಿದಳು. ಬೆರಳು ಮಡಚಿ ಎಣಿಸಿದಳು. ಒಂದು. ಎರಡು. ಮೂರು. ನಾಲ್ಕು! ಸಾಲಾಗಿ ನಾಲ್ಕು ಬಚ್ಚಲು! ಅದರ ಎದುರಿಗೆ ಎರಡು ಅಡಿಗೆಮನೆ! ನಡುಮನೆಯಲ್ಲಿ ಒಬ್ಬರು ಅಡ್ಡಡ್ಡ ತಿರುಗಿ ನಡೆಯುವಷ್ಟು ಜಾಗ ಉಳಿದಿತ್ತು.

"ಇದೇನೋ ಇದು! ಮನೆನೋ, ಬಸ್ ಸ್ಟ್ಯಾಂಡೋ!"

"ಒಂದು ಕೆಟ್ರೆ ಇನ್ನೊಂದು ಇರ್ತದೆ ಕಣಮ್ಮ. ನಾಲ್ಕೂ ಒಟ್ಟಿಗೆ ಕೆಡಲ್ಲ."

"ಬುಡೇನ್! ನಿನಗಾದ್ರೂ ಅನ್ನಿಸ್ಲಿಲ್ವೇನಯ್ಯಾ?"

"ಅನ್ನಿಸ್ತು ಅಕ್ಕಾ. ಇಬ್ಬರಿಗೆ ನಾಲ್ಕು ಯಾಕೆ ಅಂತ ಬಾಯಿಗೆ ಬಂದಿತ್ತು. ಆದ್ರೆ ಗೆರೆ ಇತ್ತಲ್ಲ."

ಚಿತ್ತಮ್ಮ ಬಾಯಿ ಬಾಯಿ ಬಡಿದುಕೊಂಡಳು. ಮೂರು ಬಚ್ಚಲು, ಒಂದು ಅಡಿಗೆಮನೆ ಒಡೆಸಿದಳು. ಕಟ್ಟುವ ಮುಂಚೆಯೇ ಒಡೆಯುವ ಮನೆಯನ್ನು ಅವಳು ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ.

"ಸಾಕು ಮಾರಾಯ ನಿನ್ನ ನಕಲು! ಒಂದೇ ಜಾತಿಯವನ್ನೆಲ್ಲ ಒಂದು ಗುಂಪಿಗೆ ಸೇರ್ಸು. ಬಾಗಿಲಂದ್ರೆ ಬಾಗಿಲು, ಕಿಟಕಿ ಅಂದ್ರೆ ಕಿಟಕಿ. ಒಂದನ್ನ ತಿದ್ದಿದ್ರೆ ಎಲ್ಲಾ ತಾವೇ ತಿದ್ಕೊಂತವೆ. ಕೆಲಸ ಉಳೀತದೆ."

"ಅಬ್ಬಾ, ಎಷ್ಟು ಸುಲಭ!"

ಸುಲಭವೇ. ಮನೆಯ ಬಾಗಿಲೆಲ್ಲ ಒಂದು ಗುಂಪು ಸೇರಿದವು. ಆಮೇಲೆ ಚಿತ್ತಮ್ಮ ಹೆಬ್ಬಾಗಿಲಿನ ವಿಷಯ ತೆಗೆದಳು. ಅದರ ಬಗ್ಗೆ ಅವಳಿಗೆ ಬಹಳ ದಿನದ ಆಸೆ. ತೇಗದ ಮರ, ನಡುವೆ ಗಜಲಕ್ಷ್ಮಿ, ಎರಡೂ ಕಡೆ ಆನೆ, ಕೆಳಗೆ ಹಿತ್ತಾಳೆ ಗಂಟೆಯ ಸಾಲು. ಪಾತಲಿಂಗ ಅಚ್ಚುಕಟ್ಟಾಗಿ ಬರೆದು ಬಡಗಿಗೆ ಕೊಟ್ಟ.

ತಿಂಗಳಾದ ಮೇಲೆ ಬಾಗಿಲು ಬಂದವು. ಚಿತ್ತಮ್ಮ ಹೆಬ್ಬಾಗಿಲಿನ ಗಜಲಕ್ಷ್ಮಿಗೆ ಅರಿಶಿನ ಕುಂಕುಮವಿಟ್ಟು ಕೈ ಮುಗಿದಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ತಿರುಗಿದರೆ ಗೋಡೆಗೆ ಒರಗಿಸಿದ ಇನ್ನೊಂದು ಗಜಲಕ್ಷ್ಮಿ. ಅದರ ಪಕ್ಕ ಮತ್ತೊಂದು. ಅದರಾಚೆಗೆ ಇನ್ನೊಂದು, ಸ್ವಲ್ಪ ಸಣ್ಣದು.

"ಇದ್ಯಾವುದಕ್ಕೋ, ಈ ಸಣ್ಣದು?" ಅಂದಳು.

"ಕಕ್ಕಸಿಗೆ ಕಣಮ್ಮ."

"ಆಂ?"

"ಕಕ್ಕಸಿನ ಬಾಗಿಲು. ಒಂದನ್ನ ತಿದ್ದಿದೆ, ಎಲ್ಲಾ ತಾವೇ ತಿದ್ಕೊಂಡ್ವು. ಗಂಟೆ ನೋಡು, ಒಳಗೋದ್ರೆ ಗಣಗಣ ಅಂತಾವೆ!"

ಗಣಗಣ ಅಂದದ್ದು ಚಿತ್ತಮ್ಮನ ಕಿವಿಯಲ್ಲಿ. ಕಣ್ಣು ಕತ್ತಲಿಟ್ಟು ಬಿದ್ದಳು. ಎಚ್ಚರಾದಾಗ ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದರು. ನೋಡಿ ಅವರೂ ಗಾಬರಿಯಾದರು.

"ನಿಮ್ಮ ಮನೆ ಮುಗಿಯೋವರೆಗೂ ನೀವು ಆ ಕಡೆ ತಲೆ ಹಾಕ್ಬೇಡಿ ಅಮ್ಮಾ. ಹಾಕಿದ್ರೆ ನಾನು ಜವಾಬ್ದಾರಿ ಅಲ್ಲ."

ಹಿರಿಯೂರಿನಿಂದ ಅಕ್ಕ ಬಂದು ಅವಳನ್ನು ಕರೆದುಕೊಂಡು ಹೊರಟಳು. ಬಸ್ಸು ಹತ್ತುವಾಗ ಚಿತ್ತಮ್ಮ ಮಗನ ಕೈ ಹಿಡಿದುಕೊಂಡಳು. ಈ ಸಲ ಬಯ್ಯಲಿಲ್ಲ, ಬೇಡಿಕೊಂಡಳು.

"ಪಾತಾ, ನನಗಿರೋದು ಇದೊಂದೇ ಮನೆ ಕಣಪ್ಪಾ. ಕಕ್ಕಸಿಗೆ ಬರೀ ಹಲಗೆ ಬಾಗಿಲು ಹಾಕ್ಸು. ಇನ್ನು ಎತ್ತರ, ಅಳತೆ. ಅದಕ್ಕೊಂದು ಉಪಾಯ ಹೇಳ್ತೀನಿ, ಸರಿಯಾಗಿ ಕೇಳ್ಕೋ. ಪರದೆ ಮೇಲಿನ ಮನೆ ಒಳಗೆ ಒಂದು ಮನುಷ್ಯನ ಗೊಂಬೆ ನಿಲ್ಸು. ಆ ಮನುಷ್ಯ ಬಗ್ಗದೆ, ನಿಗುರದೆ ಓಡಾಡೋ ಹಂಗಿದ್ರೆ ಅಳತೆ ಸರಿ ಅಂತ."

"ಯಾವ ಮನುಷ್ಯ ಅಮ್ಮಾ?"

"ಯಾರಾದ್ರೂ ಆಗ್ಲಿ, ಮನೇಲಿ ಇರೋರು!" ಅಂದಳು ಚಿತ್ತಮ್ಮ. ಬಸ್ಸು ಹೊರಟಿತು.

ಮೂರು ತಿಂಗಳಾಯಿತು. ಫೋನ್ ಮಾಡಿದಾಗಲೆಲ್ಲ ಪಾತಲಿಂಗ, "ಎಲ್ಲಾ ಅಳತೆ ಸರಿ ಕಣಮ್ಮ!" ಅನ್ನುತ್ತಿದ್ದ. ಬುಡೇನ್‌ನನ್ನು ಕೇಳಿದರೆ, "ಗೆರೆ ಇದ್ದಂಗೇ ಅಕ್ಕಾ!" ಅನ್ನುತ್ತಿದ್ದ. ಗೃಹಪ್ರವೇಶದ ಬೆಳಿಗ್ಗೆ ಅವಳು ರೇಷ್ಮೆ ಸೀರೆ ಉಟ್ಟು ಬಂದಿಳಿದಳು. ಹೊರಗಿನಿಂದ ನೋಡಿದರೆ ಸುಣ್ಣ ಬಣ್ಣ ಚೆಂದ. ಕಿಟಕಿ ಎಂಟೂ ಇದ್ದವು. ಯಾಕೋ ಮನೆ ಮಾತ್ರ ಕೂತುಕೊಂಡ ಹಾಗೆ ಕಂಡಿತು.

ಮೊದಲು ಹಸುವನ್ನು ಒಳಗೆ ಬಿಟ್ಟರು. ಹಸು ಸಲೀಸಾಗಿ ಹೋಯಿತು. ಹಿಂದೆಯೇ ಪುರೋಹಿತರು ಮಂತ್ರ ಹೇಳುತ್ತ ಹೋದರು. ಠಪ್! ಮಂತ್ರ ಅರ್ಧಕ್ಕೆ ನಿಂತಿತು. ಅಕ್ಕನ ಗಂಡ ಹೋದ. ಠಪ್! ಮೈದುನ ಹೋದ. ಠಪ್! ಹೋದವರೆಲ್ಲ ಹಣೆ ಹಿಡಿದುಕೊಂಡು ಕೂತರು.

"ಏನಾಯ್ತು? ಏನಾಯ್ತು?" ಅಂತ ಚಿತ್ತಮ್ಮ ಹೌಹಾರಿ ಓಡಿದಳು. ಹೊಸಿಲು ದಾಟಿದಳು. ಅವಳಿಗೆ ಏನೂ ತಗುಲಲಿಲ್ಲ. ನೆಟ್ಟಗೆ ನಡೆದು ಒಳಗೆ ಹೋದಳು. ತಾರಸಿ ಕೈಗೆಟುಕುವಂತಿತ್ತು. ಅಡಿಗೆ ಕಟ್ಟೆ ಅವಳ ಸೊಂಟಕ್ಕೆ, ಡಬ್ಬಿ ಗೂಡು ಅವಳ ಕಣ್ಣಿಗೆ, ಸ್ವಿಚ್ಚು ಅವಳ ಮೊಣಕೈಗೆ. ಸುತ್ತಲೂ ಊರಿನ ದೊಡ್ಡವರೆಲ್ಲ ಬೆನ್ನು ಬಾಗಿಸಿಕೊಂಡು, ಕುತ್ತಿಗೆ ಸೊಟ್ಟ ಮಾಡಿಕೊಂಡು ನಿಂತಿದ್ದರು.

"ಬುಡೇನ್! ಬಾಗಿಲು ಎಷ್ಟೆತ್ತರ?"

"ನಾಲ್ಕಡಿ ಒಂಬತ್ತಂಗುಲ ಅಕ್ಕಾ. ಗಜಲಕ್ಷ್ಮಿ ಬಾಗಿಲನ್ನೂ ಅಷ್ಟಕ್ಕೇ ಕೊಯ್ಸಿ ಕೂರಿಸ್ದೆ. ನಾನೇ ತಿಂಗಳಿಂದ ಅಂಬೆಗಾಲಲ್ಲಿ ಗಾರೆ ಮಾಡಿದೀನಿ."

"ಅಯ್ಯೋ ದೇವ್ರೇ! ಪಾತಲಿಂಗಾ! ಯಾವ ಗೊಂಬೆ ನಿಲ್ಸಿದ್ಯೋ?"

"ನಿನ್ನನ್ನೇ ಅಮ್ಮಾ!" ಮಗನ ದನಿ ಹೊರಗಿನಿಂದ ಬಂತು. "ನೀನು ನಾಲ್ಕಡಿ ಎಂಟು. ಒಂದಂಗುಲ ತುರುಬಿಗೆ ಬಿಟ್ಟೆ. ನೀನು ಎಲ್ಲೂ ಬಗ್ಗೋ ಹಂಗಿಲ್ಲ!"

ಬಯ್ಯಲು ಹೋದ ಚಿತ್ತಮ್ಮ ಕಣ್ಣಿನ ಮಟ್ಟದ ಡಬ್ಬಿ ಗೂಡನ್ನು ಮುಟ್ಟಿ ನೋಡಿದಳು. ಮೂವತ್ತು ವರ್ಷ ಊರವರ ಅಳತೆಗೆ ಮನೆ ಬರೆದವಳಿಗೆ, ತನ್ನ ಅಳತೆಗೂ ಒಂದು ಮನೆ ಆಗಬಹುದು ಅಂತ ಯಾವತ್ತೂ ಹೊಳೆದಿರಲಿಲ್ಲ.

"ನೀನ್ಯಾಕೋ ಹೊರಗಿದೀಯಾ?"

"ಒಂದು ಗೊಂಬೆ ಅಂದ್ಯಲ್ಲ ನೀನು! ನನ್ನದು ನಿಲ್ಸಿದ್ರೆ ಎರಡಾಗ್ತಿತ್ತು. ನಾನು ಜಗಲಿ ಮೇಲೆ ಚಾಪೆ ಹಾಕ್ಕೊಂಡಿದೀನಿ."

ಬಗ್ಗಿ ನೋಡಿದವರಿಗೆ ಕಂಡಿತು, ನಿಜವಾಗಲೂ ಚಾಪೆ, ದಿಂಬು, ಒಂದು ತಂಬಿಗೆ ನೀರು. ಮನೆಯೊಳಗೆ ತನಗೊಂದು ಮೊಳ ಜಾಗ ಇಟ್ಟುಕೊಂಡಿರಲಿಲ್ಲ ಆ ಪೆದ್ದ. ಚಿತ್ತಮ್ಮ ಹೊಸಿಲಿಗೆ ಬಂದು ನೋಡಿದಳು. ಬಿಕ್ಕಿ ಬಿಕ್ಕಿ ಅತ್ತಳು.

"ನೀನಿಲ್ದೆ ನನಗೆ ಇನ್ಯಾತರ ಮನೆಯೋ! ಬಾರೋ ಮಗನೇ, ಬಗ್ಗಿ ಒಳಕ್ಕೆ ಬಾ!"

ಬಗ್ಗು ಅಂದಳು, ಬಗ್ಗಿದ. ಒಳಗೆ ಬಂದ. ಬಗ್ಗಿಕೊಂಡೇ ಎಲೆ ಹಾಕಿದ, ಬಗ್ಗಿಕೊಂಡೇ ಪಾಯಸ ಬಡಿಸಿದ. ತಾಂಬೂಲ ಕೊಟ್ಟು ನೆಂಟರನ್ನು ಬಸ್ ಸ್ಟ್ಯಾಂಡಿನವರೆಗೂ ಬಗ್ಗಿಕೊಂಡೇ ಕಳಿಸಿ ಬಂದ. ದಾರಿಯಲ್ಲಿ ಕಂಡವರೆಲ್ಲ, ಎಂಥ ವಿನಯವಂತ ಮಗ ಅಂದುಕೊಂಡರು. ಸಂಜೆ ವಾಪಸ್ಸು ಬಂದು ಹೊಸಿಲ ಮೇಲೆ ಕಾಲಿಟ್ಟ.

ಚಿತ್ತಮ್ಮ ಒಳಗಿನಿಂದ ನೋಡಿದಳು. "ಅಯ್ಯೋ, ಬೆಳಗಿಂದ ಹಿಂಗೇ ಇದೀಯೇನೋ! ನಡ ಮುರಿದೋಗ್ತದೆ ಕಣೋ! ನೆಟ್ಟಗೆ ನಿಂತ್ಕಳೋ!"

ಅವ್ವ ಹೇಳಿದ ಮಾತು. ಪಾತಲಿಂಗ ನಿಂತಲ್ಲೇ, ಬಾಗಿಲ ನಡುವಿನಲ್ಲೇ, ಆರಡಿ ಎರಡಂಗುಲವೂ ಒಟ್ಟಿಗೆ ನೆಟ್ಟಗಾದ.