ಎತ್ತಿನ ಕೊರಳ ಗಂಟೆ

"ಗುರುಗಳೇ, ಮನೆಯವರ ಕತೆ ಬರೆಯುವಾಗ ಪ್ರೀತಿಯನ್ನು ಎಲ್ಲಿ ಸೇರಿಸಬೇಕು?" ಎಂದು ಶಿಷ್ಯ ಕೇಳಿದ.

ಅವನು ಕತೆ ಬರೆಯುವವನು. ವರ್ಷಗಟ್ಟಲೆ ಕೂತು ತನ್ನ ಮನೆತನದ ಕತೆ ಬರೆದಿದ್ದ. ಹಬ್ಬದ ದಿನ ಮನೆಮಂದಿಯನ್ನೆಲ್ಲ ಪಡಸಾಲೆಯಲ್ಲಿ ಕೂರಿಸಿ ಅದನ್ನು ಓದಿದ್ದ. ಅಣ್ಣಂದಿರು ಭೇಷ್ ಎಂದರು. ಅವನು ಓದಿ ಮುಗಿಸಿ ತಲೆ ಎತ್ತಿದಾಗ ತಾಯಿ ಕೂತಿದ್ದ ಮಣೆ ಖಾಲಿ ಇತ್ತು. ಆಕೆ ಹಿತ್ತಲಲ್ಲಿ ನಿಂತು, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಅಂದಿನಿಂದ ಆಕೆ ಆ ಕತೆಯ ಸುದ್ದಿ ಎತ್ತಿಲ್ಲ. ಮಗನಿಗೆ ಬಡಿಸುತ್ತಾಳೆ, ಮುಖ ಕೊಟ್ಟು ಮಾತಾಡುವುದಿಲ್ಲ.

"ಅದರಲ್ಲಿ ಒಂದೇ ಒಂದು ಹುಸಿ ಮಾತಿಲ್ಲ, ಗುರುಗಳೇ. ಒಬ್ಬರ ಹೆಸರನ್ನೂ ಬಿಟ್ಟಿಲ್ಲ. ಆದರೂ ಅಮ್ಮನಿಗೆ ಅದು ಹಿಡಿಸಲಿಲ್ಲ. ಭಾವ ಕಡಿಮೆಯಾಯಿತೇನೋ. ಒಂದಿಷ್ಟು ಅಕ್ಕರೆ, ದೇವರ ಮೇಲಿನ ನಂಬಿಕೆ, ಕಣ್ಣೀರು, ಇವನ್ನು ಸೇರಿಸಲೇ?"

"ಸೇರಿಸು, ಸೇರಿಸು" ಎಂದು ಗುರುಗಳು ನಕ್ಕರು. "ಸಾರಿಗೆ ಉಪ್ಪು ಕಡಿಮೆಯಾದರೆ ಮೇಲಿಂದ ಉದುರಿಸಿಕೊಳ್ಳುತ್ತೇವಲ್ಲ, ಹಾಗೆ."

ಶಿಷ್ಯನ ಮುಖ ಸಣ್ಣದಾಯಿತು. ಅದನ್ನು ಕಂಡು ಗುರುಗಳಿಗೆ ಪಾಪ ಅನ್ನಿಸಿತು. ಮಗ್ಗುಲಲ್ಲಿದ್ದ ಚಾಪೆಯನ್ನು ಅವನ ಕಡೆ ಸರಿಸಿದರು. "ಕೂತುಕೋ. ಒಬ್ಬ ಹೆಳವನ ಕತೆ ಹೇಳುತ್ತೇನೆ" ಎಂದು ಶುರುಮಾಡಿದರು.

ಹೆಳವರೆಂದರೆ ಮನೆತನಗಳ ವಂಶ ಹೇಳುವವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಊರೂರಿಗೆ ಬರುತ್ತಾರೆ. ಹೊತ್ತು ಮೂಡುವ ಮುಂಚೆ ಮನೆಯಂಗಳದಲ್ಲಿ ನಿಂತು, ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲಲ್ಲಿರುವ ಕೂಸಿನವರೆಗೆ ಎಲ್ಲರ ಹೆಸರು ಹೇಳುತ್ತಾರೆ. ಹೆಳವನ ಬಾಯಲ್ಲಿ ಹೆಸರು ಬಂದರೆ ಹಿರಿಯರಿಗೆ ನೀರು ಮುಟ್ಟಿದಂತೆ ಎಂದು ಜನ ನಂಬುತ್ತಾರೆ. ವಂಶ ಹೇಳಿ ಮುಗಿದ ಮೇಲೆ ಮನೆಯ ಹಿರಿಯ ಹೆಣ್ಣು ಮೊರದ ತುಂಬ ಜೋಳ ತಂದು ಅವನ ಜೋಳಿಗೆಗೆ ಸುರಿಯಬೇಕು. ಬೇರೆ ಯಾರ ಕೈಯಿಂದಲೂ ಹೆಳವ ಅದನ್ನು ಪಡೆಯುವಂತಿಲ್ಲ. ಆಕೆ ಮೊರ ತರಲಿಲ್ಲವೆಂದರೆ ಆ ಮನೆಗೂ ಅವನಿಗೂ ಋಣ ಹರಿಯಿತೆಂದೇ ಅರ್ಥ.

ಅಂಥ ಒಬ್ಬ ಮುದಿ ಹೆಳವನಿದ್ದ. ಮೊಣಕಾಲು ಸೋತು ಅವನಿಗೆ ಎತ್ತಿನ ಮೇಲೆ ಕೂರುವುದು ಆಗದಾಯಿತು. ಆ ವರ್ಷ ಮಗನನ್ನು ಕಳಿಸಿದ. ಮಗ ಬಲು ಚುರುಕು. ಅಪ್ಪ ಅರ್ಧ ಹೊತ್ತು ಹೇಳುತ್ತಿದ್ದ ವಂಶವನ್ನು ಅವನು ಎಲೆ ಅಡಿಕೆ ಜಗಿಯುವಷ್ಟರಲ್ಲಿ ಹೇಳಿ ಮುಗಿಸುತ್ತಿದ್ದ. ಒಂದು ಹೆಸರೂ ತಪ್ಪುತ್ತಿರಲಿಲ್ಲ. ಬಾಯಿಪಾಠ ಬಂದವನಿಗೆ ಬಿಂಕ ಸ್ವಲ್ಪ ಜಾಸ್ತಿಯೇ ಇರುತ್ತದೆ. ಅಪ್ಪ ಅಲ್ಲಲ್ಲಿ ತಡವರಿಸಿ ನಿಲ್ಲುತ್ತಾನೆ, ಮುಪ್ಪಿನಿಂದ ಉಸಿರು ಸಾಲುವುದಿಲ್ಲ ಎಂದುಕೊಂಡಿದ್ದ. ಹೆಸರು ಹೇಳುವಾಗ ಎತ್ತಿನ ಕೊರಳ ಗಂಟೆ ನಡುವೆ ಬಾಯಿ ಹಾಕುತ್ತದೆಂದು ಅದರ ನಾಲಿಗೆಗೆ ಬಟ್ಟೆ ಸುತ್ತಿ ಕಟ್ಟಿದ್ದ.

ಹೀಗೆ ಹೊರಟವನು ಒಬ್ಬ ರೈತನ ಅಂಗಳಕ್ಕೆ ಬಂದ. ರೈತನ ಹೆಸರು ಹಾಲಪ್ಪ, ಅವನ ಹೆಂಡತಿ ನೀಲವ್ವ. ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ತುಂಬಿದ ಮನೆ. ಎಲ್ಲರೂ ಕಟ್ಟೆಯ ಮೇಲೆ ಬಂದು ಕೂತರು. ನೀಲವ್ವ ಮಾತ್ರ ಹೊಸ್ತಿಲ ಒಳಗೆ, ಬಾಗಿಲಿಗೆ ಕೈಯಾನಿಸಿ ನಿಂತಳು. ಹೆಳವ ಬಂದಾಗ ಆಕೆ ಯಾವಾಗಲೂ ನಿಲ್ಲುತ್ತಿದ್ದದ್ದು ಅಲ್ಲೇ. ಪಕ್ಕದಲ್ಲಿ ಜೋಳ ತುಂಬಿದ ಮೊರ ಇತ್ತು.

ಮಗ ಹೆಳವ ಕೊರಳೆತ್ತಿ ಶುರುಮಾಡಿದ. ಮೂಲಪುರುಷನಿಂದ ಇಳಿದ. ಎಲ್ಲಿಂದ ಬಂದರು, ಯಾವ ಬಾವಿ ತೋಡಿಸಿದರು, ಯಾರಿಗೆ ಯಾವ ಊರಿನ ಹೆಣ್ಣು ತಂದರು ಎಲ್ಲವನ್ನೂ ಹೇಳಿದ. ಕಡೆಗೆ, "ಬೊಮ್ಮಪ್ಪನ ಮಗ ಹಾಲಪ್ಪ, ಹಾಲಪ್ಪನ ಮನೆಯೊಡತಿ ನೀಲವ್ವ, ನೀಲವ್ವನ ಹೊಟ್ಟೆಯಲ್ಲಿ ಹುಟ್ಟಿದವರು ದ್ಯಾಮಪ್ಪ, ಕೆಂಚಪ್ಪ, ಮುದುಕಪ್ಪ" ಎಂದು ಒಂದೇ ಉಸಿರಿನಲ್ಲಿ ಹೇಳಿ ಮೊಮ್ಮಕ್ಕಳಿಗೆ ಬಂದ. ತೊಟ್ಟಿಲ ಕೂಸಿನ ಹೆಸರಿಗೆ ಮುಗಿಸಿ ಜೋಳಿಗೆಯ ಬಾಯಿ ಬಿಚ್ಚಿದ.

ನೀಲವ್ವ ಮೊರ ಎತ್ತಲಿಲ್ಲ.

"ಯಪ್ಪಾ, ಒಂದು ತಪ್ಪಿತು ನೋಡು" ಎಂದಳು.

ಹುಡುಗನ ಮೈ ಬಿಸಿಯಾಯಿತು. ಅಪ್ಪನಿಗೆ ತಪ್ಪಿರಬಹುದು, ತನಗೆ ತಪ್ಪುವುದೆಂದರೇನು? ಅಷ್ಟು ಜನರ ಎದುರಿಗೆ ಬೇರೆ. "ಯಾವ ಹೆಸರು ತಪ್ಪೇತಿ ಹೇಳವ್ವಾ. ಹೆಸರು ಹೇಳು, ಈಗಿಂದೀಗ ಸೇರಸ್ತೀನಿ" ಎಂದು ಗಟ್ಟಿಯಾಗಿ ಕೇಳಿದ.

ಆಕೆ ಬಾಗಿಲನ್ನು ಬಿಗಿಯಾಗಿ ಹಿಡಿದುಕೊಂಡಳು. ಗಂಡನ ಕಡೆ ನೋಡಿದಳು. ಹಾಲಪ್ಪನಿಗೆ ಏನೂ ತೋಚಲಿಲ್ಲ. "ಎಲ್ಲಾರ ಹೆಸರೂ ಬಂದಾವಲ್ಲವ್ವ" ಎಂದು ಹಿರಿಯ ಮಗ ನಕ್ಕ. "ಅತ್ತಿಯವರಿಗೆ ಮರವು" ಎಂದು ಸೊಸೆಯರು ತಮ್ಮೊಳಗೆ ಅಂದುಕೊಂಡರು. ನೀಲವ್ವ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಕರೆದರೂ ಬರಲಿಲ್ಲ. ಹಿರಿಯ ಸೊಸೆ ಮೊರಕ್ಕೆ ಕೈಹಾಕಿದಳು. ಹೆಳವ ಬೇಡವೆಂದು ಕೈ ಮುಗಿದ. ಖಾಲಿ ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಎತ್ತನ್ನು ತಿರುಗಿಸಿದ. ತಲೆತಲಾಂತರದಿಂದ ಬಂದ ಮನೆ ತನ್ನ ಬಾಯಿಂದ ಹೋಯಿತಲ್ಲ ಎಂದು ದಾರಿಯುದ್ದಕ್ಕೂ ಅವನಿಗೆ ಅಳು ಒತ್ತರಿಸಿ ಬಂತು.

ಊರಾಚೆಯ ಬಯಲಿನಲ್ಲಿ ಅವರ ಗುಡಾರ. ಮುದುಕ ಹೊರಗೆ ಬಿಸಿಲಿಗೆ ಕಾಲು ಚಾಚಿ ಕೂತಿದ್ದ. ಎತ್ತು ಬಂದು ಅವನ ಭುಜಕ್ಕೆ ಮೂತಿ ಉಜ್ಜಿತು. ಅದರ ಕೊರಳು ಸವರಿದವನ ಕೈಗೆ ಬಟ್ಟೆ ಸುತ್ತಿದ ಗಂಟೆ ಸಿಕ್ಕಿತು.

"ಇದಕ್ಕ ಯಾಕೋ ಬಾಯಿ ಕಟ್ಟಿದಿ?"

ಮಗ ನಡೆದದ್ದನ್ನೆಲ್ಲ ಹೇಳಿದ. ತಾನು ಒಂದು ಹೆಸರನ್ನೂ ಬಿಟ್ಟಿಲ್ಲವೆಂದು ಅಪ್ಪನ ತಲೆ ಮುಟ್ಟಿ ಆಣೆ ಮಾಡಿದ. ಮುದುಕ ಎತ್ತಿನ ಕೊರಳು ಸವರುತ್ತಲೇ ಕೇಳಿಸಿಕೊಂಡ.

"ನಿನಗ ಬಾಯಿ ಕೊಟ್ಟೆ, ಕಣ್ಣು ಕೊಡೋದು ಮರತೆ" ಎಂದ. "ತಪ್ಪು ನನ್ನದ. ದ್ಯಾಮಪ್ಪನ ಹೆಸರಾದ ಮ್ಯಾಲ ನಾ ಯಾವಾಗ್ಲೂ ನಿಲ್ಲತಿದ್ದೆ. ನೋಡಿಲ್ಲೇನು?"

"ನಿನಗ ದಮ್ಮು ಹತ್ತತೈತಿ ಅನಕೊಂಡಿದ್ದೆ."

ಮುದುಕನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. "ನೀಲವ್ವ ಆಗ ಹರೇದ ಸೊಸಿ. ನಾ ವಂಶ ಹೇಳಿ, ಹೊಸ ಹೆಸರು ಏನರ ಐತೇನು ಅಂತ ಕೇಳಿದೆ. ಆಕಿ ಅತ್ತಿ ಬಾಗಲದಾಗ ನಿಂತು, ಈ ಸಲ ಯಾರೂ ಇಲ್ಲ ಅಂದ್ಲು. ಹಿಂದ ಸೊಸಿ ಮೊರ ಹಿಡಕೊಂಡು ನಿಂತಿದ್ಲು. ಆಕಿ ಕುಪ್ಪಸ ಹಸಿ ಆಗಿತ್ತು. ತೊಟ್ಟಿಲಿಲ್ಲದ ಮನ್ಯಾಗ ಎದಿಹಾಲು, ತಮ್ಮಾ. ನಾ ಏನಂತ ಕೇಳ್ಲಿ?"

ದ್ಯಾಮಪ್ಪನ ಬೆನ್ನಿಗೆ ಹುಟ್ಟಿ, ಹೆಸರಿಡುವ ಮೊದಲೇ ಹೋದ ಕೂಸು ಅದು. ಹೆಸರಿಲ್ಲದ ಕೂಸಿಗೆ ಆ ಮನೆಯಲ್ಲಿ ಅಳುವ ಪದ್ಧತಿ ಇರಲಿಲ್ಲ. ಅತ್ತೆ ತೊಟ್ಟಿಲನ್ನು ಅಟ್ಟಕ್ಕೆ ಏರಿಸಿದಳು. ಮರುದಿನದಿಂದಲೇ ಸೊಸೆ ಬೀಸುವ ಕಲ್ಲಿನ ಮುಂದೆ ಕೂತಳು. ಆಮೇಲೆ ಬೇರೆ ಮಕ್ಕಳಾದರು. ಕೂಸು ಇತ್ತೆಂಬುದನ್ನು ಗಂಡನೂ ಮರೆತ. ವಂಶದಲ್ಲಿ ಸೇರಿಸೋಣವೆಂದರೆ ಹೆಸರೇ ಇಲ್ಲ. ಹೆಸರಿಲ್ಲದವರನ್ನು ಹೆಳವ ಹೇಳುವಂತಿಲ್ಲ.

"ಮುಂದಿನ ಸಲ ಹೋದಾಗ ದ್ಯಾಮಪ್ಪ ಅಂದೆ. ಮುಂದಿಂದು ಬಾಯಿಗೆ ಬರಲಿಲ್ಲ" ಎಂದ ಮುದುಕ. "ಸುಮ್ಮನ ನಿಂತೆ. ಅಷ್ಟೊತ್ತಿಗೆ ಎತ್ತು ತಲಿ ಝಾಡಿಸ್ತು, ಗಂಟಿ ಬಡೀತು. ಆಕಿ ಗಪ್ಪನ ತಲಿ ಎತ್ತಿ ನೋಡಿದ್ಲು. ಆವತ್ತಿಂದ ಅಲ್ಲಿ ನಿಂತು ಹಗ್ಗ ಜಗ್ಗತೀನಿ. ಹೆಳವ ಸುಳ್ಳು ಹೇಳಬಾರದು, ನಾ ಹೇಳಿಲ್ಲ. ಆದರ ಇದ್ದದ್ದನ್ನ ಇಲ್ಲ ಅನ್ನೂಬಾರದಲ್ಲೋ."

ಮಗ ಗಂಟೆಯ ಬಟ್ಟೆ ಬಿಚ್ಚಿದ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಚ್ಚಬೇಕಾಯಿತು.

ಮರುದಿನ ನಸುಕಿನಲ್ಲಿ ಅದೇ ಅಂಗಳಕ್ಕೆ ಹೋದ. "ಮತ್ತ ಬಂದ್ಯಲ್ಲೋ" ಎಂದು ಹಿರಿಯ ಮಗ ಗೊಣಗಿದ. "ನಿನ್ನೆ ಹೇಳಿದ್ರಾಗ ತಪ್ಪು ಆಗಿತ್ರೀ. ಮೂಲದಿಂದ ಹೇಳ್ತೀನಿ" ಎಂದು ಹುಡುಗ ಕೈ ಮುಗಿದ. ಆ ಮಾತು ಕೇಳಿ ಒಳಗೆ ಬೀಸುವ ಕಲ್ಲಿನ ಸದ್ದು ನಿಂತಿತು.

ಅವನು ಈ ಸಲ ಅವಸರ ಮಾಡಲಿಲ್ಲ. ಬೊಮ್ಮಪ್ಪ, ಹಾಲಪ್ಪ, ಹಾಲಪ್ಪನ ಮನೆಯೊಡತಿ ನೀಲವ್ವ. ನೀಲವ್ವನ ಹೊಟ್ಟೆಯಲ್ಲಿ ಹುಟ್ಟಿದವರು ದ್ಯಾಮಪ್ಪ. ಅಲ್ಲಿ ನಿಂತ. ಹಗ್ಗ ಮೆಲ್ಲಗೆ ಎಳೆದ. ಗಂಟೆ ಒಂದು ಸಲ ಬಡಿಯಿತು.

ಕಟ್ಟೆಯ ಮೇಲಿದ್ದವರು ಎತ್ತಿನ ಕಡೆ ನೋಡಿದರು. ಹುಡುಗ ಹೊಸ್ತಿಲ ಕಡೆ ನೋಡಿದ. ನೀಲವ್ವ ಬಾಗಿಲಿಗೆ ಕೈಯಾನಿಸಿ ನಿಂತಿದ್ದಳು. ಗಂಟೆಯ ದನಿ ಆರುವ ಮೊದಲು ಆಕೆಯ ತುಟಿ ಅಲುಗಾಡಿತು.

ಆಗ ಅವನಿಗೆ ತಿಳಿಯಿತು. ಕೂಸಿಗೆ ಹೆಸರಿತ್ತು. ತೊಟ್ಟಿಲು ಅಟ್ಟ ಸೇರಿದರೂ ತಾಯಿ ತನ್ನಷ್ಟಕ್ಕೆ ಹೆಸರಿಟ್ಟುಕೊಂಡಿದ್ದಳು. ಹೆಳವ ಬಂದಾಗ, ಅವನು ಬಿಟ್ಟುಕೊಟ್ಟ ಜಾಗದಲ್ಲಿ, ಆ ಹೆಸರನ್ನು ಅಣ್ಣತಮ್ಮಂದಿರ ನಡುವೆ ಕೂರಿಸುತ್ತಿದ್ದಳು. ಹಿರಿಯರಿಗೆ ಮುಟ್ಟುವ ನೀರು ಅದಕ್ಕೂ ಮುಟ್ಟಲಿ ಎಂದು. ಏನು ಹೆಸರೆಂದು ಅವನಿಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ಅವನು ಕಿವಿಗೊಡಲೂ ಇಲ್ಲ. ಆಕೆಯ ತುಟಿ ನಿಂತ ಮೇಲೆ, "ಕೆಂಚಪ್ಪ" ಎಂದು ಮುಂದುವರಿಸಿದ.

ನೀಲವ್ವ ಮೊರ ತಂದಳು. ಜೋಳ ರಾಶಿಯಾಗಿ ತುಂಬಿತ್ತು, ನಡೆಯುವಾಗ ಅಂಗಳಕ್ಕೆಲ್ಲ ಚೆಲ್ಲಿತು. ಅದನ್ನು ಜೋಳಿಗೆಗೆ ಸುರಿದು, ಸೆರಗಿನೊಳಗಿಂದ ಬಿಸಿ ರೊಟ್ಟಿಯ ಗಂಟು ತೆಗೆದು ಅವನ ಕೈಯಲ್ಲಿಟ್ಟಳು.

"ನಿಮ್ಮಪ್ಪಗ ಕೊಡು. ಮೆತ್ತಗ ಮಾಡೀನಿ, ಹಲ್ಲಿಗೆ ಹಿಡಿಯೂದಿಲ್ಲ ಅನ್ನು" ಎಂದಳು. ಆಮೇಲೆ ಎತ್ತಿನ ಕೊರಳನ್ನು, ಗಂಟೆಯನ್ನು ಕೈಯಿಂದ ಸವರಿ, ಆ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ಅವನು ಉತ್ತರೀಯದ ತುದಿಯಿಂದ ಮುಖ ಒರೆಸಿಕೊಂಡ. ಬಂದ ಕೆಲಸ ಮರೆತಿರಲಿಲ್ಲ.

"ಅರ್ಥವಾಯಿತು, ಗುರುಗಳೇ. ನನ್ನ ಕತೆಯಲ್ಲಿಯೂ ಅಲ್ಲಲ್ಲಿ ಜಾಗ ಬಿಡುತ್ತೇನೆ. ಎಲ್ಲೆಲ್ಲಿ ಬಿಡಬೇಕು, ನೀವೇ ಹೇಳಿಬಿಡಿ" ಎಂದ.

ಗುರುಗಳು ಅವನನ್ನು ಅಕ್ಕರೆಯಿಂದ ನೋಡಿ ಕೇಳಿದರು: "ನೀನು ಓದುತ್ತಿದ್ದಾಗ ನಿಮ್ಮಮ್ಮ ಯಾವ ಮಾತಿಗೆ ಎದ್ದು ಹೋದಳಪ್ಪ?"

ಓದುವಾಗ ಶಿಷ್ಯ ಒಮ್ಮೆಯೂ ತಲೆ ಎತ್ತಿ ನೋಡಿರಲಿಲ್ಲ. ಅವನು ಚಾಪೆಯಿಂದ ಎದ್ದು ಮನೆಯ ದಾರಿ ಹಿಡಿದ.